ಸರಪಳಿ ಅಂಗಿ ಪ್ಲಾಸ್ಟಿಕ್ಕಿನದೇ? ಒಂದು ಕಿಲೋ ಕುಂದಾ ಪಣಕ್ಕಿದೆ

ಉದ್ಯಮಬಾಗ್ ಲೇಥ್ (ಬೆಳಗಾವಿ)
ಭಾನುವಾರ ಮನೆಯಲ್ಲಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎರಡನೇ ಭಾಗ ಹಾಕಿಕೊಂಡು ಕುಳಿತಿದ್ದೆವು. ಮಳೆಯಲ್ಲಿ ಕೋಟೆ ಮುತ್ತುವ ಆ ಯುದ್ಧ ಬಿಸಿಯೇರಿದಾಗ ಅಕ್ಕನ ಮಗ ನಡುವೆ ಬಾಯಿ ಹಾಕಿದ: “ಮಾಮಾ, ಅವರು ತೊಟ್ಟಿರುವ ಸರಪಳಿ ಅಂಗಿ ನೀರಿನ ಪೈಪಿನಿಂದ ಮಾಡಿದ್ದು.” ಇಪ್ಪತ್ತೆರಡು ವರ್ಷ ಲೇಥ್ ಮುಂದೆ ನಿಂತವನು ನಾನು. ಬೀಡು ಯಾವುದು, ಉಕ್ಕು ಯಾವುದು ಎಂದು ನೆಲಕ್ಕೆ ಬಿದ್ದ ಸದ್ದಿನಿಂದಲೇ ಹೇಳುತ್ತೇನೆ. “ಅದು ಉಕ್ಕು, ಸುಮ್ಮನೆ ಸಿನಿಮಾ ನೋಡು” ಎಂದೆ. ಮಾತಿಗೆ ಮಾತು ಬೆಳೆದು ಒಂದು ಕಿಲೋ ಕುಂದಾ ಪಣಕ್ಕೆ ಬಿತ್ತು.

ಅವನು ಇನ್ನೊಂದನ್ನೂ ಸೇರಿಸಿದ. ಆ ಉಂಗುರಗಳನ್ನು ಜೋಡಿಸಿದ ಇಬ್ಬರ ಬೆರಳಚ್ಚೇ ಅಳಿಸಿಹೋಯಿತಂತೆ. ಇದಂತೂ ಶುದ್ಧ ಬೊಗಳೆ ಎಂದು ನನ್ನ ಅಭಿಪ್ರಾಯ. ತಿಳಿದವರು ಹೇಳಿ. ಅವನೂ ಇಲ್ಲಿ ಬಂದು ಓದುತ್ತಾನೆ, ಆದ್ದರಿಂದ ಸ್ವಲ್ಪ ನನ್ನ ಮರ್ಯಾದೆ ಉಳಿಯುವಂತೆ ಹೇಳಿ.

ಮೂರನೇ ಗುಹೆ (ಬಾದಾಮಿ)
ಕುಂದಾ ಕಟ್ಟಿಸಿ. ಪ್ಲಾಸ್ಟಿಕ್ಕೇ.

ಸೋದರಳಿಯ
ಮಾಮಾ, ಓದುತ್ತಿದ್ದೇನೆ.

ಕ್ಯಾಂಪ್ ಟಾಕೀಸ್ (ಬೆಳಗಾವಿ)
ಲೇಥ್ ಅಣ್ಣ, ಪಣ ಕೈಬಿಟ್ಟಿತು. ಪೀಟರ್ ಜಾಕ್ಸನ್ ಮೂರೂ ಭಾಗಗಳನ್ನು ನ್ಯೂಜಿಲೆಂಡಿನಲ್ಲಿ ಒಟ್ಟಿಗೇ ಚಿತ್ರೀಕರಿಸಿದರು. 1999ರ ಅಕ್ಟೋಬರಿನಲ್ಲಿ ಹಿಡಿದ ಕ್ಯಾಮೆರಾವನ್ನು ಕೆಳಗಿಟ್ಟಿದ್ದು 2000ದ ಡಿಸೆಂಬರಿನಲ್ಲಿ. ಅಷ್ಟು ದಿನ, ಅಷ್ಟು ಸೈನಿಕರು. ಒಬ್ಬನಿಗೆ ನಿಜವಾದ ಉಕ್ಕಿನ ಸರಪಳಿ ಅಂಗಿ ತೊಡಿಸಿದರೆ ಹತ್ತು ಕಿಲೋಗೂ ಮಿಕ್ಕಿದ ಭಾರ. ಆ ಮಳೆಯ ಯುದ್ಧವನ್ನು ತಿಂಗಳುಗಟ್ಟಲೆ ರಾತ್ರಿ ಪಾಳಿಯಲ್ಲಿ ತೆಗೆದರು. ಮೈಮೇಲೆ ಉಕ್ಕು, ತಲೆಯ ಮೇಲೆ ನೀರು ಎಂದರೆ ಮೂರನೇ ರಾತ್ರಿಗೆ ಅರ್ಧ ಸೈನ್ಯ ಊರಿಗೆ ಹೋಗುತ್ತಿತ್ತು.

ಆದ್ದರಿಂದ ವೆಲಿಂಗ್ಟನ್ನಿನ ವೆಟಾ ವರ್ಕ್‌ಶಾಪ್‌ನವರು ಪ್ಲಾಸ್ಟಿಕ್ ಪೈಪನ್ನು ಬಳೆಬಳೆಯಾಗಿ ಕತ್ತರಿಸಿ, ಕೈಯಿಂದ ಒಂದೊಂದನ್ನೇ ಹೆಣೆದು, ಮೇಲೆ ಲೋಹದ ಲೇಪ ಕೊಟ್ಟರು. ಲೆಕ್ಕ 1.25 ಕೋಟಿ ಉಂಗುರ. ಬೆರಳಚ್ಚಿನ ಮಾತೂ ನಿಜ. ಇನ್ನು ನಿಮ್ಮ ಕಿವಿಯ ವಿಷಯ. ಕಿವಿ ಸರಿಯಾಗಿಯೇ ಇದೆ. ಆ ಸದ್ದು ಪ್ಲಾಸ್ಟಿಕ್ಕಿನದಲ್ಲ, ಸಿನಿಮಾದಲ್ಲಿ ಇಂಥ ಸದ್ದನ್ನು ಆಮೇಲೆ ಧ್ವನಿ ವಿಭಾಗದವರು ಕೂರಿಸುತ್ತಾರೆ.

ಉದ್ಯಮಬಾಗ್ ಲೇಥ್
ಸದ್ದು ಆಮೇಲೆ ಕೂರಿಸಿದ್ದು, ಸರಿ, ಒಪ್ಪಿದೆ. ಹೊಳಪು? ಪ್ಲಾಸ್ಟಿಕ್ಕಿನ ಮೇಲೆ ಪ್ಲೇಟಿಂಗ್ ಹತ್ತುವುದಿಲ್ಲ. ಕರೆಂಟ್ ಹರಿಯದ ವಸ್ತುವಿನ ಮೇಲೆ ಹೇಗೆ ಹತ್ತಬೇಕು?

ನಿಕಲ್ ತೊಟ್ಟಿ (ಬೆಳಗಾವಿ)
ಲೇಥ್ ಸಾಹೇಬರೇ, ನಿಮ್ಮ ಶೆಡ್ಡಿನಿಂದ ನಾಲ್ಕು ಹೆಜ್ಜೆ ನಡೆದರೆ ನನ್ನ ಶೆಡ್ಡು. ಬಂದು ನೋಡಿ. ನಿಮ್ಮ ಮನೆಯ ನಲ್ಲಿಯ ಹಿಡಿಕೆ, ಕಾರಿನ ಮುಂದಿನ ಹೊಳೆಯುವ ಜಾಲರಿ, ಎಲ್ಲ ಒಳಗೆ ಪ್ಲಾಸ್ಟಿಕ್, ಹೊರಗೆ ಕ್ರೋಮ್. ಮೊದಲು ಆಮ್ಲದಲ್ಲಿ ಅದ್ದಿ ಮೈಯನ್ನು ಒರಟು ಮಾಡುತ್ತೇವೆ. ಕಣ್ಣಿಗೆ ಕಾಣದ ಗುಳಿಗಳು ಬೀಳುತ್ತವೆ. ಆ ಗುಳಿಗಳಲ್ಲಿ ಪಲ್ಲಾಡಿಯಂ ಹಿಡಿಸುತ್ತೇವೆ. ಆಮೇಲೆ ಕರೆಂಟ್ ಇಲ್ಲದೆಯೇ, ಬರೀ ರಾಸಾಯನಿಕದಿಂದ ತೆಳ್ಳನೆಯ ನಿಕಲ್ ಕೂರುತ್ತದೆ. ಒಮ್ಮೆ ಆ ಪದರ ಕೂತಿತೋ, ಅದು ಲೋಹವಿದ್ದಂತೆಯೇ. ತಂತಿ ಕಟ್ಟಿ ತೊಟ್ಟಿಗಿಳಿಸಿದರೆ ಮೇಲೆ ಬೆಳ್ಳಿ ಬೇಕೆಂದರೆ ಬೆಳ್ಳಿ. ಎಲ್ಲ ಪ್ಲಾಸ್ಟಿಕ್ಕೂ ಇದಕ್ಕೆ ಬಗ್ಗುವುದಿಲ್ಲ, ಅದು ಬೇರೆ ಮಾತು. ಆದರೆ ಹತ್ತುವುದೇ ಇಲ್ಲ ಎಂದರೆ ನನ್ನ ಹೊಟ್ಟೆಪಾಡೇ ಸುಳ್ಳು ಎಂದ ಹಾಗಾಯಿತು.

ಉದ್ಯಮಬಾಗ್ ಲೇಥ್
ಅದ್ದುವ ಕೆಲಸ ನನ್ನದಲ್ಲ, ಗೊತ್ತಿರಲಿಲ್ಲ. ಕುಂದಾ ಅರ್ಧ ಕಿಲೋಗೆ ಇಳಿಸಬಹುದೇ?

ಸೋದರಳಿಯ
ಇಲ್ಲ.

ಹಲಗೆ ಭುಜಕೀರ್ತಿ (ಮುಧೋಳ)
ಇದರಲ್ಲಿ ಆಶ್ಚರ್ಯ ಪಡುವುದು ಏನಿದೆ? ನಮ್ಮ ಅಜ್ಜ ದೊಡ್ಡಾಟದಲ್ಲಿ ವೇಷ ಕಟ್ಟುತ್ತಿದ್ದರು. ಕಿರೀಟ, ಭುಜಕೀರ್ತಿ, ಎದೆಕಟ್ಟು ಎಲ್ಲ ಹಗುರವಾದ ಮರ, ಮೇಲೆ ಬೇಗಡೆ. ಗ್ಯಾಸ್‌ಲೈಟಿನ ಬೆಳಕು ಬಿದ್ದರೆ ಅಪ್ಪಟ ಬಂಗಾರ. ಹೊತ್ತು ಮುಳುಗಿ ಶುರುವಾದ ಆಟ ಬೆಳಗಿನ ಕೋಳಿ ಕೂಗುವವರೆಗೆ. ಕಬ್ಬಿಣ ಹೊತ್ತು ಕುಣಿಯಲು ಅವರೇನು ಎತ್ತುಗಳೇ? ಈಗಲೂ ನಮ್ಮ ಅಟ್ಟದ ಮೇಲೆ ಒಂದು ಭುಜಕೀರ್ತಿ ಇದೆ. ಒಂದು ಕಡೆ ಬೇಗಡೆ ಕಿತ್ತುಹೋಗಿ ಒಳಗಿನ ಮರ ಕಾಣುತ್ತದೆ. ಹೆಬ್ಬೆರಳಿನಿಂದ ಎತ್ತಬಹುದು, ಅಷ್ಟು ಹಗುರ.

ಮೂರನೇ ಗುಹೆ
ಗುಬ್ಬಿ ವೀರಣ್ಣನವರು ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆಯನ್ನೇ ರಂಗಕ್ಕೆ ಹತ್ತಿಸಿದ್ದರು. ಎಲ್ಲರೂ ಬೇಗಡೆಯವರಲ್ಲ.

ಹಲಗೆ ಭುಜಕೀರ್ತಿ
ಅವರು ಆನೆಯನ್ನು ಹೆಗಲ ಮೇಲೆ ಹೊತ್ತು ಕುಣಿಯಲಿಲ್ಲವಲ್ಲ.

ಗುಮ್ಮಟದ ಎದುರು ಮನೆ (ವಿಜಯಪುರ)
ಸದ್ದಿನ ಮಾತು ಬಂತು, ಅದಕ್ಕೇ ಹೇಳುತ್ತೇನೆ. ಅದೇ ಎರಡನೇ ಭಾಗದಲ್ಲಿ ಸಾವಿರಾರು ರಾಕ್ಷಸರು ಒಂದೇ ದನಿಯಲ್ಲಿ ಕೂಗುತ್ತಾ ಕೋಟೆಗೆ ಬರುತ್ತಾರಲ್ಲ, ಆ ಕೂಗು ಕ್ರಿಕೆಟ್ ನೋಡಲು ಬಂದವರದು! ವೆಲಿಂಗ್ಟನ್ ಕ್ರೀಡಾಂಗಣದಲ್ಲಿ ಪಂದ್ಯದ ವಿರಾಮಕ್ಕೆ ಜಾಕ್ಸನ್ ತಾವೇ ಮೈದಾನಕ್ಕಿಳಿದು, ದೊಡ್ಡ ಪರದೆಯ ಮೇಲೆ ಆ ರಾಕ್ಷಸ ಭಾಷೆಯ ಮಾತುಗಳನ್ನು ಉಚ್ಚಾರದಂತೆ ಬರೆಸಿ, 25,000 ಜನರಿಂದ ಕೂಗಿಸಿದರು. ಎದೆ ಬಡಿಸಿದರು, ಕಾಲು ಕುಟ್ಟಿಸಿದರು. ಟಿಕೆಟ್ ತೆಗೆದುಕೊಂಡು ಬಂದವರು ಪುಕ್ಕಟೆ ರಾಕ್ಷಸರಾಗಿ ಮನೆಗೆ ಹೋದರು.

ನಮ್ಮ ಗೋಳಗುಮ್ಮಟಕ್ಕೆ ಬಂದಿದ್ದರೆ ಇಷ್ಟು ಖರ್ಚೇ ಇರಲಿಲ್ಲ. ಮೇಲಿನ ಪಿಸುಮಾತಿನ ಮೊಗಸಾಲೆಯಲ್ಲಿ ನಾಲ್ಕು ಜನ ನಿಂತು ಕೂಗಿದ್ದರೆ ಸಾಕಿತ್ತು, ಉಳಿದದ್ದನ್ನು ಆದಿಲ್‌ಶಾಹಿ ಗುಮ್ಮಟ ನೋಡಿಕೊಳ್ಳುತ್ತಿತ್ತು.

ಲೆಕ್ಕದ ಮಾಸ್ತರ್ (ಜಮಖಂಡಿ)
ಇಲ್ಲ. ಗುಮ್ಮಟದಲ್ಲಿ ಒಂದೇ ದನಿ ಏಳು ಸಲ ತಿರುಗಿ ಬರುತ್ತದೆ. ಮಾತಿನ ಮೇಲೆ ಮಾತು ಬಿದ್ದು ಗದ್ದಲವಾಗುತ್ತದೆ, ಘೋಷಣೆಯಾಗುವುದಿಲ್ಲ. ಒಂದು ಸಲ ಐವತ್ತು ಹುಡುಗರನ್ನು ಶಾಲೆಯ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದೆ. ಇಳಿದು ಬಂದ ಮೇಲೆ ಎರಡು ತಾಸು ಹಾಜರಿ ಕೂಗಿದರೂ ನನಗೆ ‘ಎಸ್ ಸರ್’ ಕೇಳಿಸಲಿಲ್ಲ.

ಗುಮ್ಮಟದ ಎದುರು ಮನೆ
ಮಾಸ್ತರರೇ, ರಾಕ್ಷಸರಿಗೆ ಗದ್ದಲವೇ ಬೇಕಾಗಿರುವುದು.

ಕ್ಯಾಂಪ್ ಟಾಕೀಸ್
ಗುಮ್ಮಟದವರಿಗೆ ಇನ್ನೊಂದು. ಪ್ರವಾಸಿಗರು ದೂರದಲ್ಲಿ ನಿಂತು ಗುಮ್ಮಟವನ್ನು ಅಂಗೈಯಲ್ಲಿ ಹಿಡಿದಂತೆ, ತುದಿ ಚಿವುಟಿದಂತೆ ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಚಿತ್ರದ ಅರ್ಧ ಜಾದೂ ಅದೇ. ಮುದುಕ ಮಾಂತ್ರಿಕ ಮತ್ತು ಕುಳ್ಳ ಹುಡುಗ ಒಂದೇ ಗಾಡಿಯಲ್ಲಿ ಪಕ್ಕಪಕ್ಕ ಕುಳಿತಂತೆ ಕಾಣುತ್ತದೆ. ನಿಜವಾಗಿ ಹುಡುಗ ಒಂದಷ್ಟು ಹಿಂದೆ ಕುಳಿತಿದ್ದಾನೆ. ಗಾಡಿಯನ್ನೇ ಹಾಗೆ ಕಟ್ಟಿದ್ದರು. ಕ್ಯಾಮೆರಾ ಅಲುಗದಿದ್ದರೆ ಇದು ಹಳೆಯ ಉಪಾಯ. ಅಲುಗಿದರೆ ಮೋಸ ಬಯಲು. ಅದಕ್ಕೆ ಇವರು ಮಾಡಿದ್ದೇನೆಂದರೆ, ಕ್ಯಾಮೆರಾ ಸರಿದಂತೆ ನಟ ಕುಳಿತ ಜಾಗವನ್ನೂ ಅದೇ ಲೆಕ್ಕದಲ್ಲಿ ಯಂತ್ರದಿಂದ ಸರಿಸಿದ್ದು. ಚಹಾ ಕುಡಿಯುವ ದೃಶ್ಯದಲ್ಲಿ ಮೇಜು ಒಂದೇ ಇದ್ದಂತೆ ಕಂಡರೂ ಅದು ಎರಡು ತುಂಡು, ಎರಡು ಅಳತೆ.

ಮೂರನೇ ಗುಹೆ
ಕುಳ್ಳನ ಮಾತು ಬಂದಾಗ ನೆನಪಾಯಿತು. ಕೊಡಲಿ ಹಿಡಿದ ಗಡ್ಡದ ಕುಳ್ಳ ಗಿಮ್ಲಿಯಾಗಿ ನಟಿಸಿದ ಜಾನ್ ರೀಸ್-ಡೇವಿಸ್ ಆರಡಿಗೂ ಎತ್ತರದ ಆಳು. ಮುಖಕ್ಕೆ ಅಂಟಿಸುವ ರಬ್ಬರ್ ಅವರಿಗೆ ಆಗಿ ಬರದೆ ಕಣ್ಣ ಸುತ್ತ ಚರ್ಮ ಕೆಂಪಾಗಿ ಬಾತುಕೊಳ್ಳುತ್ತಿತ್ತು.

ರಬಕವಿ ರೈಲು
ಆಮೇಲೆ ನಾಯಕ ಶಿರಸ್ತ್ರಾಣ ಒದ್ದು ಕಾಲ್ಬೆರಳು

ಕ್ಯಾಂಪ್ ಟಾಕೀಸ್
ಬಂತು! ಇದನ್ನು ಹೇಳದೆ ಈ ಚಿತ್ರದ ಬಗ್ಗೆ ಎಲ್ಲಿಯೂ ಮಾತು ಮುಗಿಯುವುದಿಲ್ಲ. ಹೌದಪ್ಪ, ವಿಗ್ಗೊ ಮಾರ್ಟೆನ್ಸನ್ ಶಿರಸ್ತ್ರಾಣ ಒದ್ದರು, ಎರಡು ಬೆರಳು ಮುರಿಯಿತು, ಆ ಚೀರಾಟವನ್ನೇ ಚಿತ್ರದಲ್ಲಿ ಉಳಿಸಿಕೊಂಡರು. ಪಕ್ಕದಲ್ಲಿ ಕುಳಿತವನು ಆ ದೃಶ್ಯ ಬರುವ ಮುಂಚೆಯೇ ನಮ್ಮ ತೊಡೆ ತಟ್ಟಿ “ಈಗ ನೋಡು, ಈಗ ನೋಡು” ಎನ್ನುತ್ತಾನೆ.

ಸೋದರಳಿಯ
ಅದನ್ನು ಮಾಮಾನೇ ಹೇಳಿದ್ದು. ಮೂರು ಸಲ.

ಉದ್ಯಮಬಾಗ್ ಲೇಥ್
ಮನೆಯ ಮಾತು ಮನೆಯಲ್ಲಿರಲಿ.

ಕುದುರೆ ಲಾಯ (ಅಥಣಿ)
ಅದೇ ನಟ ತಾನು ಸವಾರಿ ಮಾಡಿದ ಕುದುರೆಯನ್ನು ಕೊನೆಗೆ ಕೊಂಡುಕೊಂಡ. ಇದು ನನಗೆ ಬೆರಳು ಮುರಿದದ್ದಕ್ಕಿಂತ ದೊಡ್ಡದು. ಇನ್ನೊಂದು, ಕುದುರೆ ಸೈನ್ಯದ ಗಡ್ಡದ ಸವಾರರಲ್ಲಿ ಬಹಳಷ್ಟು ಮಂದಿ ಹೆಂಗಸರು. ಊರಿನಲ್ಲಿ ಚೆನ್ನಾಗಿ ಸವಾರಿ ಬಲ್ಲವರು ಅವರೇ ಸಿಕ್ಕರು, ಗಡ್ಡ ಅಂಟಿಸಿ ಹತ್ತಿಸಿದರು.

ಲೆಕ್ಕದ ಮಾಸ್ತರ್
ಎಲ್ಲರೂ 1.25 ಕೋಟಿಯನ್ನು ನುಂಗಿಕೊಂಡು ಮುಂದೆ ಹೋಗಿಬಿಟ್ಟಿರಿ. ಯಾರಾದರೂ ಭಾಗಾಕಾರ ಮಾಡಿದಿರಾ? ಇಬ್ಬರು ಮೂರು ವರ್ಷ ಹೆಣೆದರು ಎಂದೇ ಎಲ್ಲ ಕಡೆ ಹೇಳುತ್ತಾರೆ. ವರ್ಷಕ್ಕೆ 300 ದಿನ, ದಿನಕ್ಕೆ 10 ತಾಸು ಹಿಡಿಯೋಣ, ಉದಾರವಾಗಿಯೇ. ಒಬ್ಬನಿಗೆ 9,000 ತಾಸು, ಇಬ್ಬರಿಗೆ 18,000. 1.25 ಕೋಟಿಯನ್ನು ಇದರಿಂದ ಭಾಗಿಸಿದರೆ ತಾಸಿಗೆ 694 ಉಂಗುರ. ನಿಮಿಷಕ್ಕೆ ಹನ್ನೊಂದೂವರೆ. ಅಂದರೆ ಐದು ಸೆಕೆಂಡಿಗೆ ಒಂದು, ಮೂರು ವರ್ಷ, ಮೂಗು ಕೆರೆದುಕೊಳ್ಳದೆ. ಇದು ನಂಬುವ ಮಾತೇ?

ಉದ್ಯಮಬಾಗ್ ಲೇಥ್
ಮಾಸ್ತರರೇ, ನೀವೊಬ್ಬರೇ ನನ್ನ ಕಡೆಯವರು.

ನಿನ್ನೆ ರಾತ್ರಿ ಕೈಯಾರೆ ಮಾಡಿ ನೋಡಿದೆ. ಅಂಗಡಿಯಲ್ಲಿ ಬಿದ್ದಿದ್ದ ಅರ್ಧ ಇಂಚಿನ ಪೈಪನ್ನು ಲೇಥಿಗೆ ಕಟ್ಟಿ ಪಾರ್ಟಿಂಗ್ ಟೂಲಿನಿಂದ ಎರಡೆರಡು ಮಿಲಿಮೀಟರಿಗೆ ಕತ್ತರಿಸಿದೆ. ಕತ್ತರಿಸುವುದು ಆಟ, ಹತ್ತು ನಿಮಿಷದಲ್ಲಿ ಒಂದು ಡಬ್ಬಿ ತುಂಬಿತು. ಪ್ರತಿಯೊಂದಕ್ಕೂ ಬ್ಲೇಡಿನಿಂದ ಒಂದು ಸೀಳು ಹಾಕಿ, ಬಾಯಿ ತೆರೆದು, ಇನ್ನೊಂದರಲ್ಲಿ ತೂರಿಸಿ, ಬಾಯಿ ಕೂಡಿಸಿ ಅಂಟು ಹಚ್ಚಬೇಕು. ಒಂದು ಉಂಗುರ ಸುತ್ತಲಿನ ನಾಲ್ಕನ್ನು ಹಿಡಿದಿರಬೇಕು, ಇಲ್ಲದಿದ್ದರೆ ಬಟ್ಟೆಯಂತೆ ಹರಡುವುದಿಲ್ಲ, ಮಾಲೆಯಾಗುತ್ತದೆ. ಎರಡು ತಾಸಿನಲ್ಲಿ 240. ಅಂಗೈಯಷ್ಟೂ ಆಗಲಿಲ್ಲ. ಹೆಂಡತಿ ಬಂದು ನೋಡಿ, “ಪಾತ್ರೆ ಉಜ್ಜುವ ಜಾಲರಿಯೇ?” ಎಂದಳು.

ಲೆಕ್ಕದ ಮಾಸ್ತರ್
ತಾಸಿಗೆ 120. ಆ ವೇಗದಲ್ಲಿ ಇಬ್ಬರಿಗೆ ಹದಿನೇಳು ವರ್ಷದ ಮೇಲೆ. ಸಾಬೀತಾಯಿತು.

ಕೆಂಪು ಸೆರಗು (ಇಳಕಲ್)
ಏನೂ ಸಾಬೀತಾಗಲಿಲ್ಲ ಮಾಸ್ತರರೇ. ಲೇಥ್ ಅಣ್ಣನವರು ಎಲ್ಲ ಉಂಗುರಗಳನ್ನೂ ಸೀಳಿದ್ದಾರೆ. ಅದೇ ತಪ್ಪು. ಒಂದು ಉಂಗುರ ನಾಲ್ಕನ್ನು ಹಿಡಿಯುವುದಾದರೆ ಅರ್ಧದಷ್ಟನ್ನು ಸೀಳಬೇಕಾಗಿಯೇ ಇಲ್ಲ. ಸೀಳಿದ ಒಂದರಲ್ಲಿ ಹೊಸದೊಂದು ಇಡಿಯ ಉಂಗುರ ಪೋಣಿಸಿ, ಪಕ್ಕದ ಒಂದಕ್ಕೂ ಹಿಂದಿನ ಸಾಲಿನ ಎರಡಕ್ಕೂ ತೂರಿಸಿ, ಬಾಯಿ ಮುಚ್ಚಿ. ಕೈ ಆಡಿಸಿದ್ದು ಒಂದು ಸಲ, ಹೆಚ್ಚಿದ್ದು ಎರಡು ಉಂಗುರ ಅಲ್ಲವೇ? ಹಾಗಾದರೆ ಐದು ಸೆಕೆಂಡಲ್ಲ, ಹತ್ತು ಸೆಕೆಂಡು ಸಿಗುತ್ತದೆ. ಹತ್ತು ಸೆಕೆಂಡು ಕೈಕೆಲಸದವರಿಗೆ ಬಹಳ ಹೊತ್ತು.

ನಮ್ಮದು ಮಗ್ಗದ ಮನೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೂಡಿಸಲು ಒಂದೊಂದು ಎಳೆಯನ್ನೂ ಇನ್ನೊಂದರ ಕುಣಿಕೆಯಲ್ಲಿ ತೂರಿಸಬೇಕು. ಕೊಂಡಿ ಹಾಕುವುದು ಎನ್ನುತ್ತೇವೆ. ಪ್ರತಿ ಸೀರೆಗೂ ಸಾವಿರಾರು ಎಳೆ. ನಮ್ಮ ಅವ್ವ ಅದನ್ನು ನೋಡುತ್ತಲೂ ಇರುವುದಿಲ್ಲ. ಎದುರು ಮನೆಯವರ ಜೊತೆ ಮಾತು, ಒಲೆಯ ಮೇಲಿನ ಸಾರಿನ ಮೇಲೆ ಗಮನ, ಕೈ ಮಾತ್ರ ತನ್ನಷ್ಟಕ್ಕೆ ಹೊರಟಿರುತ್ತದೆ. ನಾನು ಕಲಿಯಲು ಕುಳಿತ ಮೊದಲ ದಿನ ಅರ್ಧ ತಾಸಿನಲ್ಲಿ ಎಷ್ಟು ಹಾಕಿದ್ದೆನೋ, ಅಷ್ಟನ್ನು ಅವರು ಎಲೆ ಅಡಿಕೆ ಮಡಚುವಷ್ಟರಲ್ಲಿ ಹಾಕುತ್ತಿದ್ದರು. ಲೇಥ್ ಅಣ್ಣನವರದು ಮೊದಲ ರಾತ್ರಿಯ 120. ಅದರಿಂದ ಮೂರು ವರ್ಷದ ಲೆಕ್ಕ ಹಾಕಬೇಡಿ.

ಇನ್ನು ಬೆರಳಚ್ಚು. ಅದನ್ನು ಬೊಗಳೆ ಎಂದವರು ನಮ್ಮ ಓಣಿಗೆ ಬನ್ನಿ. ನ್ಯಾಯಬೆಲೆ ಅಂಗಡಿಯ ಯಂತ್ರ ನಮ್ಮ ಅವ್ವನ ಹೆಬ್ಬೆರಳನ್ನು ಓದುವುದೇ ಇಲ್ಲ. ಒತ್ತು, ಕೆಂಪು ದೀಪ. ಒರೆಸಿ ಒತ್ತು, ಕೆಂಪು ದೀಪ. ಎಡಗೈಯ ಉಂಗುರ ಬೆರಳೊಂದೇ ಒಮ್ಮೊಮ್ಮೆ ಹಸಿರು ಕೊಡುತ್ತದೆ, ಏಕೆಂದರೆ ಕೊಂಡಿ ಹಾಕುವಾಗ ಆ ಬೆರಳಿಗೆ ಕೆಲಸವಿಲ್ಲ. ಕಳೆದ ತಿಂಗಳು ಎರಡು ಸಲ ಅಕ್ಕಿ ಇಲ್ಲದೆ ಹಿಂದಿರುಗಿದರು. ಸಿನಿಮಾದವರ ಬೆರಳು ಸವೆದರೆ ಜಗತ್ತಿಗೆಲ್ಲ ಸುದ್ದಿ.

ಮೂರನೇ ಗುಹೆ
ಅಕ್ಕಾವರೇ, ನಮ್ಮ ಕಡೆ ಗುಳೇದಗುಡ್ಡದ ಖಣ ನೇಯುವ ಮುದುಕರಿಗೂ ಇದೇ ತೊಂದರೆ. ಒಟಿಪಿ ಕೇಳಿ, ಮೊಬೈಲ್ ಸಂಖ್ಯೆ ಆಧಾರಿಗೆ ಜೋಡಿಸಿದ್ದರೆ ಕೊಡುತ್ತಾರೆ.

ಕೆಂಪು ಸೆರಗು
ಜೋಡಿಸಲು ಹೋದರೆ ಅಲ್ಲಿಯೂ ಮೊದಲು ಬೆರಳನ್ನೇ ಕೇಳಿದರು.

ನಿಕಲ್ ತೊಟ್ಟಿ
ಕಣ್ಣಿನ ಪಾಪೆಯ ಯಂತ್ರ ಇರುವ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ನಮ್ಮ ಶೆಡ್ಡಿನ ಹುಡುಗರಿಗೆ ಆಮ್ಲದಿಂದ ಹೀಗೆಯೇ ಆಗಿತ್ತು, ಕಣ್ಣಿನಿಂದ ಕೆಲಸವಾಯಿತು.

ಲೆಕ್ಕದ ಮಾಸ್ತರ್
ಅರ್ಧ ಉಂಗುರಗಳನ್ನು ಸೀಳಬೇಕಿಲ್ಲ ಎಂಬುದು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಹಾಳೆಯ ಮೇಲೆ ಬರೆದು ನೋಡಿದೆ, ಸರಿಯಿದೆ. ಮಾತು ಹಿಂತೆಗೆದುಕೊಂಡೆ. ಆದರೂ ಮೂಗು ಕೆರೆದುಕೊಳ್ಳಲು ಬಿಡುವಿರಲಿಲ್ಲ ಎಂಬುದು ನಿಂತಿತು.

ರಬಕವಿ ರೈಲು
ಇಷ್ಟೆಲ್ಲ ಏಕೆ, ಬಾಹುಬಲಿ ಇವರಿಗಿಂತ ಏನು ಕಡಿಮೆ? ಕಾಲಕೇಯರಿಗಾಗಿ ಒಂದು ಭಾಷೆಯನ್ನೇ ಹುಟ್ಟಿಸಿದರು. ರಾಜಮೌಳಿ ಹುಟ್ಟಿದ್ದು ನಮ್ಮ ರಾಯಚೂರು ಜಿಲ್ಲೆಯಲ್ಲಿ.

ಗುಮ್ಮಟದ ಎದುರು ಮನೆ
ಹುಟ್ಟಿದ ಊರಿನ ಲೆಕ್ಕ ಹಿಡಿದರೆ ಎಲ್ಲರೂ ನಮ್ಮವರೇ. ಭಾಷೆ ಹುಟ್ಟಿಸಿದ್ದರಲ್ಲಿ ಇವರು ಮೊದಲಿಗರಲ್ಲ, ಆ ಉಂಗುರದ ಕಥೆ ಬರೆದ ಟೋಲ್ಕಿನ್ ಭಾಷಾ ಪಂಡಿತರೇ ಆಗಿದ್ದರು.

ರಬಕವಿ ರೈಲು
ಹೊರಗಿನದೆಲ್ಲ ಬಂಗಾರ, ನಮ್ಮದೆಲ್ಲ ಬೇಗಡೆ ಎನ್ನುವವರಿಗೆ ಏನು ಹೇಳುವುದು.

ಹಲಗೆ ಭುಜಕೀರ್ತಿ
ಬೇಗಡೆಯ ಸುದ್ದಿಗೆ ಬರಬೇಡಿ.

ನಿರ್ವಾಹಕ
ಬಾಹುಬಲಿಗೆ ಬೇರೆ ಚರ್ಚೆ ಇದೆ, ಅಲ್ಲಿ ಈಗಾಗಲೇ 400 ಉತ್ತರಗಳಿವೆ. ಇಲ್ಲಿ ಬೇಡ.

ಕ್ಯಾಂಪ್ ಟಾಕೀಸ್
ಲೇಥ್ ಅಣ್ಣನವರಿಗೆ ಸಮಾಧಾನಕ್ಕೆಂದು ಒಂದು ಕಬ್ಬಿಣದ ಸುದ್ದಿ. ಮೊದಲ ಭಾಗದಲ್ಲಿ ಮುದುಕ ಬಿಲ್ಬೊ ಮನೆ ಬಿಟ್ಟು ಹೋಗುವಾಗ ಉಂಗುರ ಕೈಯಿಂದ ಜಾರಿ ನೆಲಕ್ಕೆ ಬೀಳುತ್ತದೆ. ಬಿದ್ದದ್ದು ಪುಟಿಯುವುದಿಲ್ಲ, ಉರುಳುವುದಿಲ್ಲ. ಧೊಪ್ಪೆಂದು ಅಲ್ಲೇ ಕೂರುತ್ತದೆ. ಲೋಕದ ಭಾರವೆಲ್ಲ ಅದರಲ್ಲಿದೆ ಎನಿಸುತ್ತದೆ. ನೆಲದಲ್ಲಿ ಆಯಸ್ಕಾಂತ ಇಟ್ಟಿದ್ದರು.

ಉದ್ಯಮಬಾಗ್ ಲೇಥ್
ಆಯಸ್ಕಾಂತ ಹಿಡಿಯಬೇಕೆಂದರೆ ಒಳಗೆ ಕಬ್ಬಿಣದಂಥದ್ದೇ ಇರಬೇಕು. ಬಂಗಾರವನ್ನು ಅದು ಹಿಡಿಯುವುದಿಲ್ಲ, ಪ್ಲಾಸ್ಟಿಕ್ಕನ್ನೂ ಹಿಡಿಯುವುದಿಲ್ಲ. ಕೇಳಿಸಿತೇನೋ ಅಳಿಯ? ಇಡೀ ಕಥೆ ನಡೆಯುವುದೇ ಆ ಒಂದು ಉಂಗುರದ ಮೇಲೆ, ಅದು ನನ್ನ ಪಾಲಿನದು. ಕುಂದಾ ಮುಕ್ಕಾಲು ಕಿಲೋ.

ಸೋದರಳಿಯ
ಪಣ ಕಟ್ಟಿದ್ದು ಅಂಗಿಗೆ.

ಕೆಂಪು ಸೆರಗು
ಹುಡುಗ ಬಿಡುವವನಲ್ಲ. ಕೊಟ್ಟುಬಿಡಿ ಅಣ್ಣ.

ಉದ್ಯಮಬಾಗ್ ಲೇಥ್
ಕೊಟ್ಟೆ, ಒಂದು ಕಿಲೋ, ಪೂರ್ತಿ. ಈ ಚರ್ಚೆ ನೋಡಿ ಅಂಗಡಿಯವನು ಅರ್ಧ ಬೆಲೆಗೆ ಕೊಡುತ್ತಾನೇನೋ ಎಂದುಕೊಂಡಿದ್ದೆ, ಅವನು ಓದಿರಲಿಲ್ಲ.

ಅಕ್ಕಾವರು ಹೇಳಿದಂತೆ ಅರ್ಧ ಉಂಗುರಗಳನ್ನು ಇಡಿಯಾಗಿಯೇ ಬಿಟ್ಟು ನಾಲ್ಕು ರಾತ್ರಿ ಕುಳಿತೆ. ನಾಲ್ಕನೇ ರಾತ್ರಿ ತಾಸಿಗೆ 310 ಮುಟ್ಟಿದೆ. ಈಗ ಎರಡು ಅಂಗೈಯಷ್ಟಿದೆ. ಎತ್ತಿ ಹಿಡಿದರೆ ಬಟ್ಟೆಯ ಹಾಗೆ ಜೋತು ಬೀಳುತ್ತದೆ, ನೆಲಕ್ಕೆ ಹಾಕಿದರೆ ನೀರಿನ ಹಾಗೆ ಹರಡುತ್ತದೆ. ಸದ್ದು ಮಾತ್ರ ಚಿಪ್ಸ್ ಪೊಟ್ಟಣದ್ದು. ನಾಳೆ ನಿಕಲ್ ತೊಟ್ಟಿಯವರ ಶೆಡ್ಡಿಗೆ ಒಯ್ಯುತ್ತೇನೆ, ಅದ್ದಿ ಕೊಡುವುದಾಗಿ ಹೇಳಿದ್ದಾರೆ.

ಒಂದೇ ತೊಂದರೆ. ನಿನ್ನೆಯಿಂದ ನನ್ನ ಮೊಬೈಲ್ ಬೆರಳಿಗೆ ತೆರೆಯುತ್ತಿಲ್ಲ. ಹೆಬ್ಬೆರಳೂ ಇಲ್ಲ, ತೋರುಬೆರಳೂ ಇಲ್ಲ. ಇದನ್ನು ಅಳಿಯನ ಮೊಬೈಲಿನಿಂದ ಬರೆಯುತ್ತಿದ್ದೇನೆ.

ಸೋದರಳಿಯ
ಅಂಕಿಯ ಬೀಗ ಹಾಕಿಕೊಳ್ಳಿ ಎಂದು ಹೇಳಿದೆ. ಅಂಕಿ ಮರೆತಿದ್ದಾರೆ.

ಕೆಂಪು ಸೆರಗು
ಎಡಗೈಯ ಉಂಗುರ ಬೆರಳು ಒತ್ತಿ ನೋಡಿ ಅಣ್ಣ.

ಉದ್ಯಮಬಾಗ್ ಲೇಥ್
ಅದನ್ನು ಮೊಬೈಲಿಗೆ ಯಾವತ್ತೂ ತೋರಿಸಿರಲಿಲ್ಲವಲ್ಲ ಅಕ್ಕಾ.

ಗುಮ್ಮಟದ ಎದುರು ಮನೆ
ಅದೆಲ್ಲ ಇರಲಿ, ಕುಂದಾ ಯಾವ ಅಂಗಡಿಯದು?